ಮಗುವಿನ ಕ್ರೋನ್ಸ್ ಕಾಯಿಲೆಗೆ ಆಹಾರ ಚಿಕಿತ್ಸೆ: ಪುಣೆಯ ಕನ್ನಡ ಮನೆಗಳಿಗೆ ಹಂತ ಹಂತವಾಗಿ

ತಿಂಗಳುಗಟ್ಟಲೆ ಹೊಟ್ಟೆನೋವು, ಬಿಟ್ಟು ಬಿಟ್ಟು ಬರುವ ಜ್ವರ, ಇಳಿಯುತ್ತಲೇ ಇರುವ ತೂಕ. ಕೊನೆಗೆ ಸ್ಕೋಪ್ ಆಗಿ, ಬಯಾಪ್ಸಿ ವರದಿ ಬಂದು, ಡಾಕ್ಟರು ಕ್ರೋನ್ಸ್ ಎಂಬ ಹೆಸರು ಹೇಳುತ್ತಾರೆ. ಮಾತ್ರೆ ಬರೆದುಕೊಡುತ್ತಾರೆಂದು ಕಾದು ಕುಳಿತ ತಂದೆ ತಾಯಿಗೆ ಕೇಳಿಸುವುದು ಬೇರೆಯೇ ಮಾತು: ಇನ್ನು ಆರರಿಂದ ಎಂಟು ವಾರ ಅನ್ನ, ಚಪಾತಿ, ಹಣ್ಣು ಯಾವುದೂ ಬೇಡ, ಈ ಪುಡಿಯನ್ನು ನೀರಿನಲ್ಲಿ ಕಲಸಿ ಅದನ್ನೇ ಕುಡಿಸಿ. ಸಂಜೆ ವಿಜಯಪುರದಿಂದಲೋ ಕಲಬುರಗಿಯಿಂದಲೋ ಅಜ್ಜಿಯ ಫೋನು ಬರುತ್ತದೆ: ‘ಅನ್ನ ಬಿಡಿಸಿದ್ರ ಕೂಸು ಉಳೀತದೇನು?’

ಅಜ್ಜಿಯ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಉತ್ತರವೂ ಇದೆ. ಮಕ್ಕಳ ಕ್ರೋನ್ಸ್ ಕಾಯಿಲೆಯಲ್ಲಿ ಆಹಾರವೆಂಬುದು ಔಷಧದ ಜೊತೆ ಪಾಲಿಸುವ ಪಥ್ಯವಲ್ಲ, ಅದೇ ಮೊದಲ ಔಷಧ. ಹಾಗಾಗಿ ಔಷಧಕ್ಕೆ ಬೇಕಾದದ್ದೆಲ್ಲ ಅದಕ್ಕೂ ಬೇಕು: ಖಚಿತವಾದ ರೋಗನಿರ್ಣಯ, ಅಳತೆ, ಅವಧಿ, ನಡುವೆ ತಪಾಸಣೆ. ಪುಣೆಯಲ್ಲಿರುವ ಕನ್ನಡ ಕುಟುಂಬಗಳನ್ನೂ, ಚಿಕಿತ್ಸೆಗೆಂದು ಸೊಲ್ಲಾಪುರ, ಸಾಂಗ್ಲಿ, ಬೆಳಗಾವಿ ಕಡೆಯಿಂದ ಇಲ್ಲಿಗೆ ಬರುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಇದನ್ನು ಓದಿ ಮನೆಯಲ್ಲೇ ಚಿಕಿತ್ಸೆ ಶುರುಮಾಡಬೇಡಿ. ಡಾಕ್ಟರ ಮುಂದೆ ಕೂತಾಗ ಏನು ಕೇಳಬೇಕು, ಮನೆಗೆ ಬಂದ ಮೇಲೆ ಏನು ಮಾಡಬೇಕು ಎಂದು ತಿಳಿಯುವುದಕ್ಕೆ ಬಳಸಿಕೊಳ್ಳಿ.

ಹಂತ 1: ರೋಗ ಯಾವುದೆಂದು ಖಚಿತವಾಗುವ ಮುನ್ನ ಊಟ ಬದಲಿಸಬೇಡಿ

ಕರುಳಿನ ಉರಿಯೂತದ ಕಾಯಿಲೆಯನ್ನು ಆಸ್ಪತ್ರೆಯಲ್ಲಿ ಐಬಿಡಿ ಎನ್ನುತ್ತಾರೆ. ಅದರಲ್ಲಿ ಮುಖ್ಯವಾಗಿ ಎರಡು ಬಗೆ. ಕ್ರೋನ್ಸ್ ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು. ಸಣ್ಣ ಕರುಳಿನ ಕೊನೆಯ ಭಾಗ ಅದು ಹೆಚ್ಚಾಗಿ ಹಿಡಿಯುವ ಜಾಗ, ಅಲ್ಲಿ ಕರುಳಿನ ಗೋಡೆಯ ಆಳಕ್ಕೂ ಇಳಿಯುತ್ತದೆ. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನ ಒಳಪದರಕ್ಕೆ ಸೀಮಿತ, ರಕ್ತ ಬೆರೆತ ಬೇಧಿ ಅದರ ಪ್ರಧಾನ ಲಕ್ಷಣ. ಐಬಿಎಸ್ ಎಂಬುದು ಬೇರೆಯೇ ತೊಂದರೆ. ಅದರಲ್ಲಿ ಹೊಟ್ಟೆ ನೋಯುತ್ತದೆ, ಆದರೆ ಕರುಳಿನಲ್ಲಿ ಹುಣ್ಣಾಗುವುದಿಲ್ಲ.

ಪರೀಕ್ಷೆಗೆ ಕರೆದೊಯ್ಯಲೇಬೇಕಾದ ಸೂಚನೆಗಳು ಕೆಲವಿವೆ. ನಿದ್ದೆಯಿಂದ ಎಬ್ಬಿಸುವ ಬೇಧಿ, ಮಲದಲ್ಲಿ ರಕ್ತ, ಗುದದ ಬಳಿ ಸೀಳು ಅಥವಾ ಕೀವಿನ ಗಂಟು, ಪದೇ ಪದೇ ಬಾಯಿಹುಣ್ಣು, ಕೀಲುನೋವು. ಇವೆಲ್ಲಕ್ಕಿಂತ ಹೆಚ್ಚಾಗಿ ಕಣ್ತಪ್ಪುವುದು ಬೆಳವಣಿಗೆ ನಿಂತಿರುವುದು. ಎರಡು ವರ್ಷ ಅದೇ ಯೂನಿಫಾರ್ಮ್ ಸರಿಹೋಗುತ್ತಿದ್ದರೆ ಬಟ್ಟೆ ಚೆನ್ನಾಗಿ ಬಾಳಿಕೆ ಬಂತೆಂದು ಸಂತೋಷಪಡಬೇಡಿ, ಮಗುವಿನ ಎತ್ತರ ಅಳೆಸಿ. ಕ್ರೋನ್ಸ್ ಇರುವ ಕೆಲವು ಮಕ್ಕಳಿಗೆ ಬೇಧಿಯೇ ಇರುವುದಿಲ್ಲ, ಕುಂಠಿತವಾದ ಎತ್ತರವೊಂದೇ ಸುಳಿವು.

ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್, ಸಿಆರ್‌ಪಿ, ಆಲ್ಬುಮಿನ್ ನೋಡುತ್ತಾರೆ. ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನನ್ನು ಅಳೆಯುತ್ತಾರೆ. ಗ್ರಾಮಿಗೆ 50 ಮೈಕ್ರೋಗ್ರಾಮಿನೊಳಗೆ ಇದ್ದರೆ ಸಾಮಾನ್ಯ, 250 ದಾಟಿದರೆ ಕರುಳಿನಲ್ಲಿ ಉರಿಯೂತವಿರುವ ಸಾಧ್ಯತೆ ಹೆಚ್ಚು. ನಾಲ್ಕು ವರ್ಷದೊಳಗಿನ ಮಕ್ಕಳಲ್ಲಿ ಇದು ಸಹಜವಾಗಿಯೇ ಏರಿರುತ್ತದೆ. ಕೊನೆಯ ತೀರ್ಮಾನ ಮಾತ್ರ ಮೇಲಿನಿಂದಲೂ ಕೆಳಗಿನಿಂದಲೂ ಮಾಡುವ ಸ್ಕೋಪ್ ಮತ್ತು ಬಯಾಪ್ಸಿಯದು.

ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ. ಕರುಳಿನ ಟಿಬಿ ಹೆಚ್ಚುಕಡಿಮೆ ಕ್ರೋನ್ಸ್‌ನಂತೆಯೇ ಕಾಣುತ್ತದೆ. ಅದೇ ಜಾಗ, ಅದೇ ಜ್ವರ, ಅದೇ ತೂಕ ಇಳಿಕೆ. ಟಿಬಿ ಇದ್ದು ಕ್ರೋನ್ಸ್ ಎಂದು ಸ್ಟೀರಾಯ್ಡ್ ಕೊಟ್ಟರೆ ಟಿಬಿ ಹಬ್ಬುತ್ತದೆ. ಹಾಗಾಗಿ ಬಯಾಪ್ಸಿ ತುಣುಕನ್ನು ಟಿಬಿಗಾಗಿ ಪರೀಕ್ಷಿಸಲು ಕಳಿಸಿದ್ದಾರೆಯೇ ಎಂದು ನೀವೇ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಸ್ಕೋಪ್‌ಗೆ ಮುಂಚೆ ಗೋಧಿ ಬಿಡಿಸಿಬಿಡುವುದು ಬಹಳ ಮನೆಗಳಲ್ಲಿ ಆಗುವ ಕೆಲಸ. ಇದರಿಂದ ನಷ್ಟವಿದೆ. ಗೋಧಿಯ ಗ್ಲೂಟನ್‌ನಿಂದ ಬರುವ ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆ ಮಗು ಗೋಧಿ ತಿನ್ನುತ್ತಿರುವಾಗ ಮಾತ್ರ ಸರಿಯಾಗಿ ಹೇಳುತ್ತದೆ. ಚಪಾತಿ ನಿಲ್ಲಿಸಿ ಮೂರು ತಿಂಗಳಾದ ಮೇಲೆ ಪರೀಕ್ಷೆ ಮಾಡಿಸಿದರೆ ರೋಗವಿದ್ದರೂ ಇಲ್ಲವೆಂದು ಬರಬಹುದು.

ಆರು ವರ್ಷದೊಳಗಿನ ಮಗುವಿಗೆ ಐಬಿಡಿ ಬಂದರೆ ಜೀನ್‌ಗಳಲ್ಲಿನ ದೋಷ ಹುಡುಕಬೇಕಾಗುತ್ತದೆ. ಅಂಥ ಮಗುವಿಗೆ ಮುಂದೆ ಹೇಳುವ ಲೆಕ್ಕಗಳು ಹಾಗೆಯೇ ಅನ್ವಯಿಸುವುದಿಲ್ಲ.

ಹಂತ 2: ಯಾವ ರೋಗಕ್ಕೆ ಯಾವ ಆಹಾರ ಎಂದು ತಿಳಿಯಿರಿ

ಆ ಪುಡಿಯನ್ನಷ್ಟೇ ಕಲಸಿ ಕುಡಿಸುವ ಪೂರ್ಣ ದ್ರವಾಹಾರ ಚಿಕಿತ್ಸೆ, ಡಾಕ್ಟರುಗಳ ಬಾಯಲ್ಲಿ ಇಇಎನ್, ಕ್ರೋನ್ಸ್‌ಗೆ ಸಂಬಂಧಿಸಿದ್ದು. ಯುರೋಪಿನ ಮಕ್ಕಳ ಜಠರಕರುಳು ತಜ್ಞರ ಮಾರ್ಗಸೂಚಿಗಳು 2014ರಲ್ಲೂ ಆಮೇಲಿನ ಪರಿಷ್ಕರಣೆಯಲ್ಲೂ ಮಕ್ಕಳ ಸಕ್ರಿಯ ಕ್ರೋನ್ಸ್‌ಗೆ ಇದನ್ನು ಮೊದಲ ಸಾಲಿನ ಚಿಕಿತ್ಸೆಯಾಗಿ ಹೇಳಿವೆ. ಹತ್ತರಲ್ಲಿ ಏಳೆಂಟು ಮಕ್ಕಳಲ್ಲಿ ರೋಗ ಶಮನವಾಗುತ್ತದೆ. ಸ್ಟೀರಾಯ್ಡ್ ಕೂಡ ಅಷ್ಟೇ ಮಕ್ಕಳಲ್ಲಿ ಕೆಲಸ ಮಾಡೀತು. ಆದರೆ ಸ್ಟೀರಾಯ್ಡ್ ಮುಖ ಊದಿಸುತ್ತದೆ, ಮೂಳೆ ತೆಳುವಾಗಿಸುತ್ತದೆ, ಎತ್ತರ ತಡೆಯುತ್ತದೆ. ದ್ರವಾಹಾರ ತೂಕ ಹೆಚ್ಚಿಸುತ್ತದೆ, ಕರುಳಿನ ಒಳಪದರವನ್ನು ಸ್ಟೀರಾಯ್ಡ್‌ಗಿಂತ ಚೆನ್ನಾಗಿ ಮಾಯಿಸುತ್ತದೆ. ಬೆಳೆಯುವ ವಯಸ್ಸಿನ ಮಗುವಿಗೆ ಈ ವ್ಯತ್ಯಾಸ ಸಣ್ಣದಲ್ಲ. ಎರಡರ ನಡುವೆ ಆಯ್ಕೆ ನಿಮ್ಮ ಮುಂದೆ ಬಂದರೆ ಎಂಟು ವಾರದ ಕಷ್ಟಕ್ಕೆ ಒಪ್ಪಿಕೊಳ್ಳಿ ಎಂದೇ ನಾನು ಹೇಳುವುದು.

ಎಲ್ಲ ಕ್ರೋನ್ಸ್‌ಗೂ ಇದು ಸಾಲದು. ಗುದದ ಬಳಿ ಫಿಸ್ಟುಲಾ ಎಂಬ ಕೀವಿನ ಸುರಂಗವಿದ್ದರೆ, ಕರುಳು ಕಿರಿದಾಗಿ ಗಟ್ಟಿಯಾಗಿದ್ದರೆ, ರೋಗ ತೀರಾ ಉಗ್ರವಾಗಿದ್ದರೆ ಇನ್‌ಫ್ಲಿಕ್ಸಿಮ್ಯಾಬ್‌ನಂಥ ಔಷಧವೋ ಶಸ್ತ್ರಚಿಕಿತ್ಸೆಯೋ ಮೊದಲು ಬರಬಹುದು. ಇನ್ನು ಅಲ್ಸರೇಟಿವ್ ಕೊಲೈಟಿಸ್‌ಗೆ ಇಇಎನ್ ಚಿಕಿತ್ಸೆಯಲ್ಲ. ಅಲ್ಲಿ ಮೆಸಲಮೈನ್ ಮೊದಲಾದ ಔಷಧಗಳೇ ಆಧಾರ. ದೆಹಲಿಯ ಏಮ್ಸ್ ವೈದ್ಯರು 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಮಲದ ಬ್ಯಾಕ್ಟೀರಿಯಾ ಕಸಿಯ ಜೊತೆ ಉರಿಯೂತ ತಗ್ಗಿಸುವ ಆಹಾರಕ್ರಮ ಕೊಟ್ಟಾಗ ಸೌಮ್ಯ ಮತ್ತು ಮಧ್ಯಮ ಕೊಲೈಟಿಸ್‌ನಲ್ಲಿ ಒಳ್ಳೆಯ ಫಲ ಕಂಡಿತು. ಆದರೆ ಅದು ವಯಸ್ಕರ ಮೇಲೆ ನಡೆದದ್ದು. ಕೊಲೈಟಿಸ್ ಇರುವ ಮಗುವಿಗೆ ಮಾತ್ರೆ ನಿಲ್ಲಿಸಿ ಪಥ್ಯ ಹಿಡಿಸುವುದಕ್ಕೆ ಅದನ್ನು ಕಾರಣ ಮಾಡಿಕೊಳ್ಳಬೇಡಿ.

ಬರೀ ಊಟ ಬದಲಿಸಿದರೆ ಇಷ್ಟು ದೊಡ್ಡ ರೋಗ ತಗ್ಗುವುದುಂಟೇ ಎಂದು ಮನೆಯ ಹಿರಿಯರು ಕೇಳಿದರೆ ಪುಣೆಯದೇ ಒಂದು ಸಂಗತಿ ಹೇಳಿ. ಇಂಡಿಯನ್ ಚೈಲ್ಡ್‌ಹುಡ್ ಸಿರೋಸಿಸ್ ಎಂಬ ಯಕೃತ್ತಿನ ಕಾಯಿಲೆ ಒಂದು ಕಾಲಕ್ಕೆ ಎಳೆಯ ಮಕ್ಕಳನ್ನು ಕೊಲ್ಲುತ್ತಿತ್ತು. ಇಲ್ಲಿನ ರಾಸ್ತಾ ಪೇಟೆಯ ಕೆಇಎಂ ಆಸ್ಪತ್ರೆಯ ಶೀಲಾ ಭಾವೆ, ಆನಂದ ಪಂಡಿತ್ ಮತ್ತು ಬ್ರಿಟನ್ನಿನ ಸ್ಟುವರ್ಟ್ ಟ್ಯಾನರ್ ಅವರ ತಂಡ ಆ ಮಕ್ಕಳಿಗೆ ಹಾಲು ಕಾಯಿಸುತ್ತಿದ್ದ ಪಾತ್ರೆಗಳ ಕಡೆ ಗಮನ ಹರಿಸಿತು. ಹಿತ್ತಾಳೆ, ತಾಮ್ರದ ಪಾತ್ರೆಗಳಿಂದ ತಾಮ್ರ ಹಾಲಿಗಿಳಿದು ಕೂಸಿನ ಯಕೃತ್ತು ಸೇರುತ್ತಿತ್ತೆಂಬ ಅವರ ಬರಹ 1983ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಪಾತ್ರೆ ಬದಲಾಯಿತು, ರೋಗ ಅಪರೂಪವಾಯಿತು. ಅದು ಬೇರೆ ಅಂಗ, ಬೇರೆ ರೋಗ. ಆದರೂ ಅಡುಗೆಮನೆಯ ಬದಲಾವಣೆಯಿಂದ ಮಕ್ಕಳ ಜೀವ ಉಳಿದದ್ದನ್ನು ಈ ಊರು ಕಂಡಿದೆ. ಅದು ಊಹೆಯಿಂದ ಆಗಲಿಲ್ಲ, ಅಳೆದು ನೋಡಿದ್ದರಿಂದ ಆಯಿತು.

ಹಂತ 3: ಅಳತೆ ಬರೆಸಿಕೊಳ್ಳಿ

ಮೊದಲು ತೂಕ, ಎತ್ತರ. ಐದರಿಂದ ಹದಿನೆಂಟು ವರ್ಷದ ಮಕ್ಕಳಿಗೆ ದೇಶದ ಮಕ್ಕಳ ವೈದ್ಯರ ಸಂಘ ಐಎಪಿ 2015ರಲ್ಲಿ ಪರಿಷ್ಕರಿಸಿದ ಬೆಳವಣಿಗೆಯ ಪಟ್ಟಿಗಳಿವೆ. ಆ ಕೆಲಸದಲ್ಲಿ ಮುಂದಾಳತ್ವ ವಹಿಸಿದವರು ಪುಣೆಯ ಜಹಾಂಗೀರ್ ಆಸ್ಪತ್ರೆಯ ವಾಮನ ಖಾಡಿಲ್ಕರ್. ಆ ಪಟ್ಟಿಯ ಒಂದು ಪ್ರತಿ ಕೇಳಿ ಪಡೆದು ಮಗುವಿನ ಫೈಲಿನಲ್ಲಿಡಿ. ಹಿಂದಿನ ವರ್ಷಗಳ ಎತ್ತರ ತೂಕ ಶಾಲೆಯ ಆರೋಗ್ಯ ಕಾರ್ಡಿನಲ್ಲಿದ್ದರೆ ಅವನ್ನೂ ಅದರಲ್ಲಿ ಗುರುತುಹಾಕಿಸಿ. ಬೆಳವಣಿಗೆಯ ಗೆರೆ ಯಾವ ವರ್ಷ ಬಾಗಿತೋ ರೋಗ ಆಗಲೇ ಶುರುವಾಗಿದ್ದಿರಬಹುದು.

ಆಮೇಲೆ ಕ್ಯಾಲೊರಿ. ಹನ್ನೊಂದು ವರ್ಷದ ಮಗುವಿಗೆ ದಿನಕ್ಕೆ 1800 ಕಿಲೋಕ್ಯಾಲೊರಿ ಬೇಕೆಂದು ಡಯಟಿಷಿಯನ್ ಲೆಕ್ಕಹಾಕಿದರೆಂದು ಇಟ್ಟುಕೊಳ್ಳಿ. ಪುಡಿ ಕಲಸಿದ ದ್ರವದ, ಅಂದರೆ ಸಾಮಾನ್ಯ ಫಾರ್ಮುಲಾದ, ಒಂದು ಮಿಲಿಲೀಟರಿನಲ್ಲಿ ಒಂದು ಕಿಲೋಕ್ಯಾಲೊರಿ ಇರುತ್ತದೆ. ಅಂದರೆ ದಿನಕ್ಕೆ 1800 ಮಿಲಿ, 200 ಮಿಲಿಯ ಒಂಬತ್ತು ಲೋಟ. ಬೆಳಿಗ್ಗೆ ಆರೂವರೆಯಿಂದ ರಾತ್ರಿ ಹತ್ತೂವರೆಯವರೆಗೆ ಎರಡು ಗಂಟೆಗೊಂದು ಲೋಟ ಎಂದರೆ ಸರಿಹೋಗುತ್ತದೆ. ಈ ವೇಳಾಪಟ್ಟಿ ಫ್ರಿಜ್ ಬಾಗಿಲಿಗೆ ಅಂಟಿಸಿ, ಕುಡಿದದ್ದನ್ನು ಮಗುವೇ ಗುರುತುಮಾಡಲಿ. ಅಳತೆಗಿಂತ ಕಡಿಮೆ ಕುಡಿದರೆ ಅದು ಅರ್ಧ ಮಾತ್ರೆ ನುಂಗಿದಂತೆ.

ಪುಡಿ ಯಾವುದೆಂಬ ಗೊಂದಲ ಇಲ್ಲಿ ಬರುತ್ತದೆ. ಹಾಲಿಗೆ ಹಾಕಿ ಕೊಡುವ ಮಾಲ್ಟ್ ಪುಡಿ ಇದಲ್ಲ, ಜಿಮ್‌ಗೆ ಹೋಗುವವರ ಪ್ರೋಟೀನ್ ಪುಡಿಯೂ ಅಲ್ಲ. ಬೇಕಾದದ್ದು ಅದೊಂದರಲ್ಲೇ ಮಗು ಬದುಕಬಹುದಾದ, ಎಲ್ಲ ಜೀವಸತ್ವ ಖನಿಜಗಳಿರುವ, ಪ್ರೋಟೀನನ್ನು ಒಡೆಯದ ಪಾಲಿಮೆರಿಕ್ ಫಾರ್ಮುಲಾ. ಡಾಕ್ಟರು ಬರೆದ ಹೆಸರಿನದನ್ನೇ ತನ್ನಿ. ಪ್ರೋಟೀನನ್ನು ಒಡೆದು ಮಾಡಿದ ದುಬಾರಿ ಎಲಿಮೆಂಟಲ್ ಬಗೆ ಹೆಚ್ಚು ಫಲ ಕೊಡುತ್ತದೆಂದು ಸಾಬೀತಾಗಿಲ್ಲ, ಕುಡಿಯಲೂ ಅದು ಕಷ್ಟ. ಹಾಲಿನ ಪ್ರೋಟೀನಿನ ಅಲರ್ಜಿಯಂಥ ಕಾರಣವಿದ್ದರೆ ಮಾತ್ರ ಅದರ ಮಾತು. ಸಸ್ಯಾಹಾರಿಗಳು ಡಬ್ಬದ ಮೇಲೆ ಹಸಿರು ಚುಕ್ಕೆ ಇದೆಯೇ ನೋಡಿಕೊಳ್ಳಿ. ಕೆಲವಕ್ಕೆ ಮೀನೆಣ್ಣೆ ಸೇರಿಸಿರುತ್ತಾರೆ. ಎಂಟು ವಾರಕ್ಕೆ ಎಷ್ಟು ಡಬ್ಬ, ಎಷ್ಟು ಖರ್ಚು ಎಂದು ಮೊದಲೇ ಲೆಕ್ಕಹಾಕಿಸಿ. ಹಣ ಸಾಲದೆ ನಾಲ್ಕನೇ ವಾರ ನಿಲ್ಲಿಸುವ ಹಾಗಾಗಬಾರದು. ಆಸ್ಪತ್ರೆಯ ಸಮಾಜಸೇವಾ ವಿಭಾಗವನ್ನು ಮೊದಲ ದಿನವೇ ಭೇಟಿಮಾಡಿ.

ತೀರಾ ಸೊರಗಿದ ಮಗುವಿಗೆ ಒಮ್ಮೆಲೇ ಪೂರ್ತಿ ಆಹಾರ ಕೊಟ್ಟರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ದಿಢೀರನೆ ಕುಸಿಯುವ ಅಪಾಯವಿದೆ. ಅಂಥ ಮಗು ಮೊದಲ ದಿನಗಳನ್ನು ಆಸ್ಪತ್ರೆಯಲ್ಲೇ ಕಳೆಯಬೇಕೆಂದು ಡಾಕ್ಟರು ಹೇಳಿದರೆ ಮನೆಗೆ ಹೋಗೋಣವೆಂದು ಒತ್ತಾಯಿಸಬೇಡಿ.

ಹಂತ 4: ಮೊದಲ ನಾಲ್ಕು ದಿನ

ಇವೇ ಎಲ್ಲಕ್ಕಿಂತ ಕಷ್ಟದ ದಿನಗಳು. ಮೊದಲ ದಿನವೇ ಪೂರ್ತಿ ಅಳತೆ ಬೇಡ, ಎರಡರಿಂದ ನಾಲ್ಕು ದಿನದಲ್ಲಿ ಏರಿಸುತ್ತ ಹೋಗುವುದು ರೂಢಿ. ಕಾಯಿಸಿ ಆರಿಸಿದ ನೀರಿಗೆ ಚಮಚದ ಅಂಚಿಗೆ ಸಮನಾಗಿ ತೆಗೆದ ಪುಡಿ ಹಾಕಿ ಕಲಸಿ. ದಪ್ಪವಾಗಿದ್ದರೆ ಹೊಟ್ಟೆ ತುಂಬೀತೆಂದು ಒಂದು ಚಮಚ ಹೆಚ್ಚು ಹಾಕಬೇಡಿ, ಬೇಧಿ ಆಗುತ್ತದೆ. ಕಲಸಿದ್ದನ್ನು ಫ್ರಿಜ್‌ನಲ್ಲಿಟ್ಟು ಇಪ್ಪತ್ತನಾಲ್ಕು ಗಂಟೆಯೊಳಗೆ ಮುಗಿಸಿ. ಏಪ್ರಿಲ್ ಮೇ ತಿಂಗಳ ಪುಣೆಯ ಬಿಸಿಲಲ್ಲಿ ಹೊರಗೆ ಬಹಳ ಹೊತ್ತು ಇಡುವಂತಿಲ್ಲ. ಸೊಲ್ಲಾಪುರದಿಂದ ಹುತಾತ್ಮಾ ಎಕ್ಸ್‌ಪ್ರೆಸ್‌ನಲ್ಲಿ ತಪಾಸಣೆಗೆ ಬರುವವರು ಒಣಪುಡಿ ಮತ್ತು ನೀರು ಬೇರೆ ಬೇರೆ ತಂದು ಕುಡಿಸುವ ಹೊತ್ತಿಗೆ ಕಲಸುವುದು ಲೇಸು.

ತಣ್ಣಗಿದ್ದರೆ ರುಚಿ ಸಹ್ಯವಾಗುತ್ತದೆ. ಮುಚ್ಚಳವಿರುವ ಲೋಟ, ಅದಕ್ಕೊಂದು ಸ್ಟ್ರಾ ಇದ್ದರೆ ವಾಸನೆ ಮೂಗಿಗೆ ಬಡಿಯುವುದಿಲ್ಲ. ಅಚ್ಚಿನಲ್ಲಿ ಹಾಕಿ ಐಸ್‌ಕ್ಯಾಂಡಿಯ ಹಾಗೆ ಗಟ್ಟಿಮಾಡಿ ಕೊಡುವವರೂ ಇದ್ದಾರೆ. ಕುಡಿಯುವ ನೀರಿಗೆ ಅಡ್ಡಿಯಿಲ್ಲ. ಬೇರೆ ಏನಾದರೂ ಕೊಡಬಹುದೇ ಎಂಬುದು ಆಸ್ಪತ್ರೆಯಿಂದ ಆಸ್ಪತ್ರೆಗೆ ಬದಲಾಗುತ್ತದೆ, ನಿಮ್ಮವರನ್ನೇ ಕೇಳಿ. ಎರಡು ಮೂರನೇ ದಿನ ಮಗು ಸಿಡುಕುತ್ತದೆ, ಅಳುತ್ತದೆ, ಏನಾದರೂ ಅಗಿಯಬೇಕು ಎನ್ನುತ್ತದೆ. ವಾರ ಕಳೆಯುವಷ್ಟರಲ್ಲಿ ಹೊಟ್ಟೆನೋವು ತಗ್ಗತೊಡಗಿದರೆ ಈ ಚಿಕಿತ್ಸೆಗೆ ಮಗುವೇ ಒಪ್ಪಿಕೊಳ್ಳುತ್ತದೆ.

ಎಷ್ಟು ಪ್ರಯತ್ನಿಸಿದರೂ ಕುಡಿಯಲಾಗದಿದ್ದರೆ ಮೂಗಿನಿಂದ ಹೊಟ್ಟೆಗೆ ತೆಳುವಾದ ನಳಿಕೆ ಹಾಕಿ ರಾತ್ರಿ ಮಲಗಿದ್ದಾಗ ಹರಿಸುತ್ತಾರೆ. ಬಾಯಿಂದ ಕುಡಿದರೂ ನಳಿಕೆಯಿಂದ ಹೋದರೂ ಫಲ ಒಂದೇ. ಕುಡಿಯದಿದ್ದರೆ ನಳಿಕೆ ಹಾಕಿಸುತ್ತೇನೆ ಎಂದು ಮಗುವನ್ನು ಮಾತ್ರ ಎಂದೂ ಹೆದರಿಸಬೇಡಿ. ನಾಳೆ ಅದೇ ನಳಿಕೆ ಬೇಕಾದಾಗ ಅದು ಶಿಕ್ಷೆಯಾಗಿ ಕಾಣುತ್ತದೆ.

ಹಂತ 5: ಆರರಿಂದ ಎಂಟು ವಾರ ದಾಟಿಸುವುದು

ಮೊದಲನೆಯ ಗಡುವು ಎರಡು ವಾರದ್ದು. ಅಷ್ಟರಲ್ಲಿ ನೋವು, ಬೇಧಿ, ಜ್ವರ ಸ್ಪಷ್ಟವಾಗಿ ತಗ್ಗದಿದ್ದರೆ ಡಾಕ್ಟರಿಗೆ ತಿಳಿಸಿ, ಬೇರೆ ದಾರಿ ಯೋಚಿಸಬೇಕಾಗುತ್ತದೆ. ಛಲಕ್ಕೆ ಬಿದ್ದು ಎಂಟು ವಾರ ಎಳೆಯುವುದು ಬೇಡ. ಫಲ ಕಾಣುತ್ತಿದ್ದರೆ, ನೋವು ಹೋಯಿತೆಂದು ಮೂರನೇ ವಾರದಲ್ಲಿ ನಿಲ್ಲಿಸುವುದೂ ಬೇಡ. ನೋವು ಬೇಗ ಹೋಗುತ್ತದೆ, ಹುಣ್ಣು ಮಾಯಲು ವಾರಗಳೇ ಬೇಕು.

ಈ ಅವಧಿಯಲ್ಲೇ ಅಜಥಯೋಪ್ರಿನ್ ಅಥವಾ ಮೆಥೋಟ್ರೆಕ್ಸೇಟ್‌ನಂಥ ಔಷಧವನ್ನು ಸಾಮಾನ್ಯವಾಗಿ ಶುರುಮಾಡುತ್ತಾರೆ. ಆಹಾರದಿಂದಲೇ ಗುಣವಾಗುತ್ತಿರುವಾಗ ಇದೇಕೆ ಎಂದು ಕೇಳುವವರುಂಟು. ದ್ರವಾಹಾರ ರೋಗವನ್ನು ತಗ್ಗಿಸುತ್ತದೆ. ತಗ್ಗಿದ್ದನ್ನು ವರ್ಷಗಟ್ಟಲೆ ಹಾಗೆಯೇ ಇಡುವುದು ಆ ಔಷಧಗಳ ಕೆಲಸ. ಮಗು ಈಗಾಗಲೇ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ನೀವಾಗಿ ಒಮ್ಮೆಲೇ ನಿಲ್ಲಿಸಬಾರದು, ಪ್ರಾಣಕ್ಕೇ ಅಪಾಯ. ತಲೆನೋವು, ಮೈಕೈ ನೋವಿಗೆ ಐಬುಪ್ರೊಫೆನ್ ಕೊಡಬೇಡಿ, ಅದು ಕರುಳನ್ನು ಕೆರಳಿಸಬಹುದು.

ಶಾಲೆಗೆ ಡಾಕ್ಟರ ಪತ್ರ ಕೊಡಿ. ಕಾವೇರಿ ಶಾಲೆಯಿರಲಿ, ಗಣೇಶನಗರದ ಕಲ್ಮಾಡಿ ಶಾಮರಾವ್ ಶಾಲೆಯಿರಲಿ, ಮರಾಠಿ ಮಾಧ್ಯಮವಿರಲಿ, ತರಗತಿಯ ಶಿಕ್ಷಕರಿಗೆ ಎರಡು ವಿಷಯ ತಿಳಿದಿರಬೇಕು: ಪಾಠದ ನಡುವೆ ಬಾಟಲಿಯಿಂದ ಕುಡಿಯಲು ಅನುಮತಿ, ಕೇಳಿದೊಡನೆ ಶೌಚಾಲಯಕ್ಕೆ ಬಿಡುವುದು. ಡಬ್ಬಾ ಬಿಚ್ಚುವ ಹೊತ್ತಿಗೆ ಎಲ್ಲರ ಪೋಹೆ, ಇಡ್ಲಿ, ಪರಾಠಾ ವಾಸನೆಯ ನಡುವೆ ಒಂಟಿಯಾಗಿ ಕೂರುವುದು ಮಗುವಿಗೆ ರೋಗಕ್ಕಿಂತ ದೊಡ್ಡ ನೋವಾಗಬಹುದು. ಒಬ್ಬ ಗೆಳೆಯನಿಗೋ ಗೆಳತಿಗೋ ವಿಷಯ ಗೊತ್ತಿದ್ದರೆ ಆ ಇಪ್ಪತ್ತು ನಿಮಿಷ ಸಲೀಸಾಗುತ್ತದೆ.

ಮನೆಯಲ್ಲಿ ಊಟದ ಹೊತ್ತಿಗೆ ಮಗುವನ್ನು ಬೇರೆ ಕೋಣೆಗೆ ಕಳಿಸಬೇಡಿ, ಅದರ ಲೋಟವೂ ಎಲ್ಲರ ತಟ್ಟೆಯ ಪಕ್ಕ ಬರಲಿ. ಆದರೆ ಆ ಎಂಟು ವಾರ ಮನೆಯಲ್ಲಿ ಬಜ್ಜಿ ಕರಿಯುವುದನ್ನು, ಹೊರಗಿನಿಂದ ಮಿಸಳ್ ತರಿಸುವುದನ್ನು ನಿಲ್ಲಿಸಬಹುದು. ಗಣೇಶೋತ್ಸವ ನಡುವೆ ಬಂದರೆ ಹತ್ತು ದಿನವೂ ಯಾರಾದರೊಬ್ಬರು ಮೋದಕ ಹಿಡಿದು ‘ಪ್ರಸಾದ, ಒಂದು ಚೂರು ತಿನ್ನಲಿ’ ಎನ್ನುತ್ತಾರೆ. ಇದಕ್ಕೆ ಒಪ್ಪುವ ಉತ್ತರವನ್ನು ಮನೆಯವರೆಲ್ಲ ಮೊದಲೇ ಒಂದಾಗಿ ತೀರ್ಮಾನಿಸಿ: ಕಣ್ಣಿಗೆ ಒತ್ತಿಕೊಂಡು ಡಬ್ಬಿಯಲ್ಲಿಡುವುದು, ಆ ಭಾಗ ಅಮ್ಮ ತಿನ್ನುವುದು. ರೋಗ ಸೌಮ್ಯವಾಗಿದ್ದರೆ ಶುರುಮಾಡುವ ದಿನವನ್ನು ಹಬ್ಬ, ಪರೀಕ್ಷೆ ನೋಡಿಕೊಂಡು ಒಂದು ವಾರ ಆಚೀಚೆ ಮಾಡಬಹುದೇ ಎಂದು ಡಾಕ್ಟರನ್ನು ಕೇಳುವುದು ತಪ್ಪಲ್ಲ. ಕದ್ದು ತಿಂದದ್ದು ಗೊತ್ತಾದರೆ ಬೈಯಬೇಡಿ, ಬರೆದಿಡಿ. ಮಗು ನಿಮಗೆ ನಿಜ ಹೇಳುತ್ತಿರಬೇಕು. ಇಲ್ಲದಿದ್ದರೆ ಚಿಕಿತ್ಸೆ ಸೋತಿತೋ ಅಳತೆ ತಪ್ಪಿತೋ ಡಾಕ್ಟರಿಗೆ ತಿಳಿಯುವುದಿಲ್ಲ.

ಹಂತ 6: ಅಗಿಯುವ ಊಟವಿರುವ ಇನ್ನೊಂದು ದಾರಿ

ಇಸ್ರೇಲಿನ ಅರೀ ಲೆವಿನ್ ಮತ್ತು ಸಂಗಡಿಗರು ರೂಪಿಸಿದ ಕ್ರೋನ್ಸ್ ಎಕ್ಸ್‌ಕ್ಲೂಷನ್ ಡಯಟ್, ಚಿಕ್ಕದಾಗಿ ಸಿಡಿಇಡಿ, ಈ ಕ್ಷೇತ್ರದಲ್ಲಿ ದೊಡ್ಡ ಬದಲಾವಣೆ ತಂದಿತು. ಮೊದಲ ಆರು ವಾರ ಕ್ಯಾಲೊರಿಯ ಅರ್ಧ ಫಾರ್ಮುಲಾದಿಂದ, ಉಳಿದರ್ಧ ಆಯ್ದ ಆಹಾರಗಳಿಂದ. ಮುಂದಿನ ಆರು ವಾರ ಫಾರ್ಮುಲಾ ಕಾಲುಭಾಗಕ್ಕಿಳಿಯುತ್ತದೆ. 2019ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಸೌಮ್ಯ ಮತ್ತು ಮಧ್ಯಮ ಕ್ರೋನ್ಸ್ ಇದ್ದ 74 ಮಕ್ಕಳ ಎರಡು ಗುಂಪುಗಳನ್ನು, ಒಂದಕ್ಕೆ ಸಿಡಿಇಡಿ, ಇನ್ನೊಂದಕ್ಕೆ ಪೂರ್ಣ ದ್ರವಾಹಾರ ಕೊಟ್ಟು, ಹೋಲಿಸಿದರು. ಆರನೇ ವಾರಕ್ಕೆ ಎರಡೂ ಗುಂಪು ಹತ್ತಿರ ಹತ್ತಿರ ಇದ್ದವು. ಹನ್ನೆರಡನೇ ವಾರಕ್ಕೆ ಸ್ಟೀರಾಯ್ಡ್ ಇಲ್ಲದೆ ಶಮನದಲ್ಲಿದ್ದವರು ಸಿಡಿಇಡಿ ಗುಂಪಿನಲ್ಲಿ ಶೇ 75.6, ಮೊದಲು ಪೂರ್ಣ ದ್ರವಾಹಾರ ಪಡೆದು ಆಮೇಲೆ ಮಾಮೂಲಿ ಊಟಕ್ಕೆ ಮರಳಿದ ಗುಂಪಿನಲ್ಲಿ ಶೇ 45.1. ಹಳೆಯ ಊಟಕ್ಕೆ ಮರಳಿದರೆ ರೋಗವೂ ಮರಳಬಹುದೆಂದು ಇದು ತೋರಿಸಿತು.

ಆ ಆಹಾರದ ಪಟ್ಟಿಯಲ್ಲಿ ದಿನವೂ ತಿನ್ನಲೇಬೇಕಾದವು ಐದು: ಕೋಳಿಯ ಎದೆಮಾಂಸ, ಎರಡು ಮೊಟ್ಟೆ, ಎರಡು ಬಾಳೆಹಣ್ಣು, ಸಿಪ್ಪೆ ತೆಗೆದ ಒಂದು ಸೇಬು, ಬೇಯಿಸಿ ತಣಿಸಿದ ಎರಡು ಆಲೂಗಡ್ಡೆ. ಬಿಳಿ ಅನ್ನ ತಿನ್ನಬಹುದು. ಗೋಧಿ, ಹಾಲು, ಮೊಸರು, ಪ್ಯಾಕೆಟ್ ತಿಂಡಿ, ಬೇಕರಿ ಪದಾರ್ಥ ಇಲ್ಲ. ಏಳನೇ ವಾರದಿಂದ ಒಂದಿಷ್ಟು ಬೇಳೆಕಾಳು, ಹೆಚ್ಚು ತರಕಾರಿ ಸೇರುತ್ತವೆ. ಮಾಂಸಾಹಾರಿಗಳಿಗೆ ಇದು ಅಷ್ಟೇನೂ ಕಷ್ಟವಲ್ಲ. ಕೊತ್ತಂಬರಿ, ಶುಂಠಿ, ಬೆಳ್ಳುಳ್ಳಿ, ಮೆಣಸು ಹಾಕಿದ ಮನೆಯ ಕೋಳಿಸಾರಿಗೆ ಬಿಳಿ ಅನ್ನ ಕಲಸಿ ಕೊಡಬಹುದು. ತೊಡಕಿರುವುದು ಸಸ್ಯಾಹಾರಿ ಮನೆಗಳಲ್ಲಿ. ಕೋಳಿ, ಮೊಟ್ಟೆ ತೆಗೆದುಹಾಕಿ ಉಳಿದದ್ದನ್ನಷ್ಟೇ ಪಾಲಿಸಿದರೆ ಪ್ರೋಟೀನ್ ಸಾಲದೆ ಮಗು ಇನ್ನಷ್ಟು ಸೊರಗುತ್ತದೆ, ಮೇಲೆ ಹೇಳಿದ ಪ್ರಯೋಗದಲ್ಲಿ ಪರೀಕ್ಷಿಸಿದ್ದೂ ಆ ರೂಪವನ್ನಲ್ಲ. ಮೊಟ್ಟೆಯಾದರೂ ತಿನ್ನುವಿರಾ, ಇಲ್ಲವಾದರೆ ಫಾರ್ಮುಲಾದ ಪಾಲು ಹೆಚ್ಚಿಸಬೇಕೇ, ಬೇಳೆ ಬೇಗ ಸೇರಿಸಬಹುದೇ ಎಂದು ಈ ಕಾಯಿಲೆ ಬಲ್ಲ ಡಯಟಿಷಿಯನ್ ಜೊತೆ ಕೂತು ಬಗೆಹರಿಸಿಕೊಳ್ಳಿ. ಕಟ್ಟಾ ಸಸ್ಯಾಹಾರಿ ಮನೆಯ ಮಗುವಿಗೆ ಪೂರ್ಣ ದ್ರವಾಹಾರವೇ ಸರಳ ಮತ್ತು ಸುರಕ್ಷಿತ ಎಂಬುದು ನನ್ನ ಅನಿಸಿಕೆ. ಜೋಳದ ರೊಟ್ಟಿ ನಮ್ಮ ಕಡೆಯವರಿಗೆ ಎಷ್ಟೇ ಹಗುರವೆನಿಸಿದರೂ ಮೊದಲ ಆರು ವಾರದ ಪಟ್ಟಿಯಲ್ಲಿ ಅದಿಲ್ಲ.

ಹಂತ 7: ಊಟಕ್ಕೆ ಮರಳುವುದು

ದ್ರವಾಹಾರದ ಅವಧಿ ಮುಗಿಯುವ ಹೊತ್ತಿಗೆ ಕ್ಯಾಲ್‌ಪ್ರೊಟೆಕ್ಟಿನ್ ಮತ್ತೆ ಮಾಡಿಸಿ. ಸಂಖ್ಯೆ ಗಣನೀಯವಾಗಿ ಇಳಿದಿರಬೇಕು. ಆಮೇಲೆ ಎರಡು ಮೂರು ವಾರ ತೆಗೆದುಕೊಂಡು ಊಟ ಶುರುಮಾಡಿ. ಎರಡು ಮೂರು ದಿನಕ್ಕೊಮ್ಮೆ ಒಂದು ಹೊತ್ತಿನ ಊಟ ಸೇರಿಸುತ್ತ, ಅಷ್ಟೇ ಕ್ಯಾಲೊರಿಯ ಫಾರ್ಮುಲಾ ಕಡಿಮೆ ಮಾಡುತ್ತ ಹೋಗಬೇಕು. ಮೊದಲು ಇದು, ಆಮೇಲೆ ಅದು ಎಂಬ ಕಟ್ಟುನಿಟ್ಟಾದ ಕ್ರಮದಿಂದ ಹೆಚ್ಚು ಲಾಭವಿದೆಯೆಂದು ತೋರಿಬಂದಿಲ್ಲ. ಹೀಗಾಗಿ ಮನೆಯಲ್ಲಿ ಸುಲಭವಾದದ್ದರಿಂದಲೇ ಆರಂಭಿಸಿ: ಮೆತ್ತಗಿನ ಅನ್ನ, ಹೆಸರುಬೇಳೆ ತೊವ್ವೆ, ಒಂದು ಚಮಚ ತುಪ್ಪ. ಆಮೇಲೆ ಇಡ್ಲಿ, ಬೆಂದ ಕುಂಬಳ, ಕ್ಯಾರೆಟ್, ರಾಗಿ ಅಂಬಲಿ. ಹಾಲು ಕುಡಿದಾಗ ಹೊಟ್ಟೆಯುಬ್ಬರ ಬಂದರೆ ಅದು ಬಹುಮಟ್ಟಿಗೆ ತಾತ್ಕಾಲಿಕ. ಮೊಸರು, ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತವೆ. ಕರುಳು ಕಿರಿದಾಗಿರುವ ಮಗುವಿಗೆ ಮಾತ್ರ ಹಣ್ಣಿನ ಸಿಪ್ಪೆ, ಬೀಜ, ನಾರಿನ ಸೊಪ್ಪು, ಮೆಕ್ಕೆಜೋಳದ ತೆನೆ ಬೇಡ, ಸಿಕ್ಕಿಕೊಳ್ಳುವ ಭಯವಿದೆ.

ಈ ಹಂತದಲ್ಲಿ ಹೊಸ ತಪ್ಪೊಂದು ಶುರುವಾಗುತ್ತದೆ. ಒಂದು ದಿನ ಬದನೆಕಾಯಿ ತಿಂದಾಗ ಹೊಟ್ಟೆ ನೋಯಿತೆಂದು ಬದನೆಕಾಯಿ ಬಂದ್. ಇನ್ನೊಂದು ದಿನ ಕಡಲೆ. ನೆರೆಮನೆಯವರು ಹೇಳಿದ್ದಕ್ಕೆ ಹುಳಿ. ವರ್ಷ ಕಳೆಯುವಷ್ಟರಲ್ಲಿ ತಟ್ಟೆಯಲ್ಲಿ ಉಳಿಯುವುದು ಅನ್ನ ಮತ್ತು ಹೆದರಿಕೆ. ಮಗುವಿನ ಎತ್ತರಕ್ಕೆ ಇದರಿಂದ ರೋಗದಷ್ಟೇ ಹಾನಿಯಾಗುತ್ತದೆ. ಒಂದು ಪದಾರ್ಥದ ಮೇಲೆ ಅನುಮಾನ ಬಂದರೆ ಎರಡು ವಾರ ಬಿಟ್ಟು, ಮತ್ತೆ ಕೊಟ್ಟು ನೋಡಿ. ಎರಡನೇ ಸಲವೂ ತೊಂದರೆ ಕೊಟ್ಟರೆ ಮಾತ್ರ ಪಟ್ಟಿಗೆ ಸೇರಿಸಿ. ಖಾರದಿಂದ ಈ ರೋಗ ಬರುವುದಿಲ್ಲ. ಹೊಟ್ಟೆ ಕೆರಳಿರುವಾಗ ಉರಿಯುತ್ತದೆ, ಅಷ್ಟೇ.

ಬಿಡಬೇಕಾದದ್ದು ಯಾವುದೆಂದು ಕೇಳಿದರೆ ಪ್ಯಾಕೆಟ್ಟುಗಳೆಂದು ಹೇಳುತ್ತೇನೆ. ಐಸ್‌ಕ್ರೀಮ್, ಸಾಸ್, ಅಂಗಡಿ ಕೇಕುಗಳನ್ನು ನುಣುಪಾಗಿಸಲು ಹಾಕುವ ಕೆಲವು ಎಮಲ್ಸಿಫೈಯರುಗಳು ಇಲಿಗಳ ಕರುಳಿನ ಲೋಳೆಪದರ ತೆಳುವಾಗಿಸಿ ಉರಿಯೂತ ತಂದವೆಂದು 2015ರಲ್ಲಿ ನೇಚರ್ ಪತ್ರಿಕೆಯ ಅಧ್ಯಯನ ತೋರಿಸಿತು. ಇಲಿಯಲ್ಲಿ ಕಂಡದ್ದೆಲ್ಲ ಮಗುವಿಗೆ ಹಾಗೆಯೇ ಅನ್ವಯಿಸದು. ಆದರೂ ಇವಿಲ್ಲದೆ ಮಗುವಿಗೆ ಏನೂ ಕಡಿಮೆಯಾಗುವುದಿಲ್ಲ. ಪ್ಯಾಕೆಟ್ಟಿನ ಹಿಂಭಾಗದ ಸಣ್ಣಕ್ಷರದಲ್ಲಿ ಐಎನ್‌ಎಸ್ 466, 433, 407 ಕಂಡರೆ ವಾಪಸ್ ಇಡಿ. ಮಾರುಕಟ್ಟೆಯ ತರಕಾರಿಗೆ ಆ ಪಟ್ಟಿಯೇ ಇರುವುದಿಲ್ಲ. ಮನೆಯಲ್ಲಿ ಕರಿದ ಒಂದು ವಡೆ ಹಬ್ಬದ ದಿನ ತಿಂದರೆ ಲೋಕ ಮುಳುಗದು.

ಹಂತ 8: ನೋಡುತ್ತಿರಿ, ಬರೆದಿಡಿ

ಮೂರು ತಿಂಗಳಿಗೊಮ್ಮೆ ಎತ್ತರ ತೂಕ ಗುರುತುಹಾಕಿಸಿ. ಕಬ್ಬಿಣ, ವಿಟಮಿನ್ ಡಿ, ಬಿ12 ಪರೀಕ್ಷೆ ಯಾವಾಗ ಮಾಡಿಸಬೇಕೆಂದು ಕೇಳಿ. ಬಿ12 ಹೀರಿಕೊಳ್ಳುವುದು ಕ್ರೋನ್ಸ್ ಹೆಚ್ಚಾಗಿ ಹಿಡಿಯುವ ಸಣ್ಣ ಕರುಳಿನ ಕೊನೆಯ ಭಾಗವೇ, ಸಸ್ಯಾಹಾರಿ ಮಗುವಿಗೆ ಅದರ ಕೊರತೆಯ ಭಯ ಇಮ್ಮಡಿ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ನಡೆಯುತ್ತಿದ್ದರೆ ಯಾವುದೇ ಲಸಿಕೆಗೆ ಮುಂಚೆ ಡಾಕ್ಟರಿಗೆ ತಿಳಿಸಿ, ಜೀವಂತ ಲಸಿಕೆಗಳನ್ನು ಕೊಡುವಂತಿಲ್ಲ. ಊರಿಂದ ಯಾರೋ ತಂದುಕೊಟ್ಟ ಚೂರ್ಣ, ಕಷಾಯ ಕೊಡುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ.

ಹಸಿರು ವಾಂತಿ, ಊದಿ ಬಿಗಿದ ಹೊಟ್ಟೆ, ತಡೆಯಲಾಗದ ನೋವು, ಮಲದಲ್ಲಿ ಹೆಚ್ಚು ರಕ್ತ, ಗುದದ ಬಳಿ ನೋವಿನ ಜೊತೆ ಜ್ವರ, ಎಂಟು ಗಂಟೆ ಮೂತ್ರವಿಲ್ಲದಿರುವುದು. ಇವುಗಳಲ್ಲಿ ಒಂದು ಕಂಡರೂ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಹತ್ತಿರದ ತುರ್ತು ವಿಭಾಗಕ್ಕೆ ಹೋಗಿ, ಫೈಲು ಜೊತೆಯಲ್ಲಿರಲಿ.

ರೋಗ ಮತ್ತೆ ಕೆರಳಿದರೆ ದ್ರವಾಹಾರವನ್ನು ಇನ್ನೊಮ್ಮೆ ಕೊಡಬಹುದು, ಎರಡನೇ ಸಲವೂ ಅದು ಕೆಲಸ ಮಾಡಿದ ಮಕ್ಕಳಿದ್ದಾರೆ. ಆದರೆ ಕಪಾಟಿನಲ್ಲಿ ಉಳಿದಿರುವ ಡಬ್ಬ ತೆರೆಯುವ ಮೊದಲು ಡಾಕ್ಟರಿಗೆ ಫೋನ್ ಮಾಡಿ, ಕ್ಯಾಲ್‌ಪ್ರೊಟೆಕ್ಟಿನ್ ಮಾಡಿಸಿ, ಹೊಸ ತೂಕಕ್ಕೆ ಹೊಸ ಅಳತೆ ಬರೆಸಿಕೊಳ್ಳಿ. ಹೋದ ಸಲದ ಒಂಬತ್ತು ಲೋಟ ಎತ್ತರವಾಗಿ ಬೆಳೆದ ಮಗುವಿಗೆ ಈ ಸಲ ಸಾಲುವುದಿಲ್ಲ.